ಇಂಗ್ಲಿಷ್ ಪಿಎಚ್‌ಡಿಗೆ ಅರ್ಜಿ: ರೈಟಿಂಗ್ ಸ್ಯಾಂಪಲ್‌ನಿಂದ ಏಪ್ರಿಲ್ 15ರವರೆಗೆ

ಅಮೆರಿಕದಲ್ಲಿ ಇಂಗ್ಲಿಷ್ ಸಾಹಿತ್ಯದ ಪಿಎಚ್‌ಡಿಗೆ ಅರ್ಜಿ ಹಾಕುವುದು ಅಂತ ತೀರ್ಮಾನವಾದ ಮೇಲೆ ನಾನು ಮೊದಲು ಕೈಗೆತ್ತಿಕೊಂಡಿದ್ದು ರೈಟಿಂಗ್ ಸ್ಯಾಂಪಲ್, ಅಂದರೆ ಅರ್ಜಿಯ ಜೊತೆ ಕಳಿಸುವ ವಿಮರ್ಶಾ ಲೇಖನ. ಬಹಳ ಜನ ಎಸ್‌ಒಪಿಯಿಂದ, ಅಂದರೆ ಏನು ಓದಬೇಕು, ಯಾಕೆ ಅಂತ ವಿವರಿಸುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಿಂದ ಶುರು ಮಾಡುತ್ತಾರೆ. ಎರಡೇ ಪುಟ, ಬೇಗ ಮುಗಿಯುತ್ತದೆ ಅನ್ನುವ ಲೆಕ್ಕ. ಎಂಎಯಲ್ಲಿ ನನಗೆ ಗೈಡ್ ಆಗಿದ್ದ ಮೇಡಂ ಬೇರೆ ದಾರಿ ಹೇಳಿದರು. "ಮೊದಲು ಲೇಖನ ಬರೆದು ಮುಗಿಸಮ್ಮಾ. ಮುಂದೆ ನಿನಗೆ ಏನು ಓದಬೇಕು ಅಂತ ಆ ಲೇಖನವೇ ಹೇಳುತ್ತೆ. ಆಮೇಲೆ ಎಸ್‌ಒಪಿ ಬರಿ." ಈಗ ಯಾರಾದರೂ ಕೇಳಿದರೆ ನಾನೂ ಇದನ್ನೇ ಹೇಳುತ್ತೇನೆ. ಅರ್ಜಿಯಲ್ಲಿ ಏನೇನೋ ಕೇಳುತ್ತಾರೆ. ಆದರೆ ಅರ್ಜಿಗಳನ್ನು ಆರಿಸುವ ಕಮಿಟಿಯವರಿಗೆ ನಾವು ಹೇಗೆ ಓದುತ್ತೇವೆ, ಹೇಗೆ ಯೋಚಿಸುತ್ತೇವೆ ಅಂತ ಕಾಣುವುದು ಆ ಲೇಖನದಲ್ಲೇ.

ಅಲ್ಲಿನ ವ್ಯವಸ್ಥೆ ಸ್ವಲ್ಪ ಹೇಳಿಬಿಡುತ್ತೇನೆ, ಗೊತ್ತಿಲ್ಲದವರಿಗೆ ಅನುಕೂಲ. ಬ್ರಿಟನ್ನಿನಲ್ಲಿ ಪಿಎಚ್‌ಡಿಗೆ ಹೋಗುವವರು ಸಾಮಾನ್ಯವಾಗಿ ಎಂಎ ಮುಗಿಸಿ, ಸಂಶೋಧನೆಯ ಪ್ರಸ್ತಾವನೆ ಬರೆದುಕೊಂಡು, ಒಬ್ಬ ಗೈಡ್ ಒಪ್ಪಿದ ಮೇಲೆ ಸೇರುತ್ತಾರೆ. ಮೂರು ನಾಲ್ಕು ವರ್ಷದ ಕೆಲಸ. ಅಮೆರಿಕದಲ್ಲಿ ಹಾಗಲ್ಲ. ಬಿಎ ಮುಗಿಸಿದವರೂ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಸೇರಿದ ಮೇಲೆ ಮೊದಲ ಎರಡು ವರ್ಷ ಹೆಚ್ಚಾಗಿ ಕ್ಲಾಸುಗಳು. ಆಮೇಲೆ ದೊಡ್ಡದೊಂದು ಓದಿನ ಪಟ್ಟಿ ಇಟ್ಟುಕೊಂಡು ಪರೀಕ್ಷೆ. ಅದು ದಾಟಿದ ಮೇಲೆ ಪ್ರಬಂಧದ ಪ್ರಸ್ತಾವನೆ, ಆಮೇಲೆ ಪ್ರಬಂಧ. ಐದಾರು ವರ್ಷ ಬೇಕು, ಎಷ್ಟೋ ಜನರಿಗೆ ಅದಕ್ಕಿಂತ ಜಾಸ್ತಿ. ವಿಜ್ಞಾನದವರ ಹಾಗೆ ಒಬ್ಬ ಪ್ರೊಫೆಸರ್ ತಮ್ಮ ಲ್ಯಾಬಿಗೆ ಕರೆದುಕೊಳ್ಳುವುದಿಲ್ಲ. ವಿಭಾಗದ ಕಮಿಟಿ ಒಟ್ಟಾಗಿ ಕೂತು ತೀರ್ಮಾನಿಸುತ್ತದೆ. ಹಾಗಾಗಿ ನಮ್ಮ ಲೇಖನವನ್ನು ಓದುವವರಲ್ಲಿ ನಮ್ಮ ಕಾಲಘಟ್ಟದ ಪರಿಣತರೂ ಇರುತ್ತಾರೆ, ಮಧ್ಯಯುಗದ ಕಾವ್ಯ ಪಾಠ ಮಾಡುವವರೂ ಇರುತ್ತಾರೆ. ಇಬ್ಬರಿಗೂ ಅರ್ಥವಾಗಬೇಕು, ಇಬ್ಬರಿಗೂ ಮುಂದೆ ಓದಬೇಕು ಅನ್ನಿಸಬೇಕು.

ರೈಟಿಂಗ್ ಸ್ಯಾಂಪಲ್ ಹೆಚ್ಚಿನ ಕಡೆ 15ರಿಂದ 25 ಪುಟ. ನನ್ನ ಎಂಎ ಪ್ರಬಂಧ ಇದಕ್ಕಿಂತ ತುಂಬಾ ಉದ್ದ ಇತ್ತು. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಗಳು ಧಾರಾವಾಹಿಯಾಗಿ ಬಂದ ಬಗೆಯ ಬಗ್ಗೆ ಬರೆದಿದ್ದೆ. ಅದರಿಂದ ಒಂದು ಅಧ್ಯಾಯ ಕಿತ್ತು ಕಳಿಸಿದರೆ ಸಾಲುವುದಿಲ್ಲ ಅಂತ ಮೇಡಂ ಖಡಾಖಂಡಿತವಾಗಿ ಹೇಳಿದರು. ಅಧ್ಯಾಯ ಅಂದರೆ ಹಿಂದಿನದನ್ನೂ ಮುಂದಿನದನ್ನೂ ನೆಚ್ಚಿಕೊಂಡು ನಿಂತಿರುತ್ತದೆ. ಕಮಿಟಿಗೆ ಬೇಕಾಗಿರುವುದು ತನ್ನ ಕಾಲ ಮೇಲೆ ತಾನು ನಿಲ್ಲುವ ಲೇಖನ. ಹಾಗಾಗಿ ಚಾರ್ಲ್ಸ್ ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಕಾದಂಬರಿ ಒಂದನ್ನೇ ಇಟ್ಟುಕೊಂಡು ಹೊಸದಾಗಿ ಬರೆಯಲು ಕೂತೆ.

ಈ ಕಾದಂಬರಿ 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ, ಡಿಕನ್ಸನೇ ನಡೆಸುತ್ತಿದ್ದ 'ಆಲ್ ದ ಇಯರ್ ರೌಂಡ್' ವಾರಪತ್ರಿಕೆಯಲ್ಲಿ 36 ಕಂತುಗಳಲ್ಲಿ ಬಂತು. ಅವನು ಮೊದಲು ಇದನ್ನು ತಿಂಗಳಿಗೊಂದು ಕಂತಿನ ದೊಡ್ಡ ಕಾದಂಬರಿಯಾಗಿ ಯೋಚಿಸಿದ್ದ. ಆಗ ಪತ್ರಿಕೆಯಲ್ಲಿ ಚಾರ್ಲ್ಸ್ ಲಿವರ್ ಎಂಬಾತನ ಧಾರಾವಾಹಿ ಬರುತ್ತಿತ್ತು. ಅದು ಓದುಗರಿಗೆ ಹಿಡಿಸದೆ ಮಾರಾಟ ಬಿದ್ದುಹೋಯಿತು. ಪತ್ರಿಕೆ ಉಳಿಸಿಕೊಳ್ಳಲು ಡಿಕನ್ಸ್ ತನ್ನ ಕಥೆಯನ್ನು ವಾರದ ಕಂತುಗಳಿಗೆ ಹೊಂದಿಸಿಕೊಂಡು ಬರೆದ. ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಬಕಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಸ್ಕ್ಯಾನ್ ಮಾಡಿ ಡಿಕನ್ಸ್ ಜರ್ನಲ್ಸ್ ಆನ್‌ಲೈನ್ ಎಂಬ ಹೆಸರಿನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ನನ್ನ ಲೇಖನದ ಜೀವಾಳವೇ ಅದು. ಪುಸ್ತಕದ ರೂಪದಲ್ಲಿ ಹಲವು ಸಲ ಓದಿದ್ದ ಕಥೆಯನ್ನು ಎರಡು ಕಾಲಮ್ಮಿನ, ಚಿತ್ರವಿಲ್ಲದ ಪುಟಗಳಲ್ಲಿ, ಸಂಚಿಕೆಯಿಂದ ಸಂಚಿಕೆಗೆ ಓದಿದಾಗ ಅದು ಬೇರೆಯೇ ಕಥೆಯ ಹಾಗೆ ಕಂಡಿತು.

ಎರಡನೇ ಕಂತನ್ನೇ ತಗೊಳ್ಳಿ. ಅನಾಥ ಹುಡುಗ ಪಿಪ್, ಜೈಲಿನಿಂದ ತಪ್ಪಿಸಿಕೊಂಡು ಬಂದ ಕೈದಿಗೆ ಹೆದರಿ, ಮನೆಯಿಂದ ಊಟವನ್ನೂ ಬೇಡಿ ಕತ್ತರಿಸುವ ಒಂದು ಅರವನ್ನೂ ಕದ್ದು ಕೊಟ್ಟಿದ್ದಾನೆ. ಕ್ರಿಸ್ಮಸ್ ಊಟಕ್ಕೆ ನೆಂಟರಿಷ್ಟರು ಕೂತಿದ್ದಾರೆ. ಈಗ ಕದ್ದಿದ್ದು ಗೊತ್ತಾಗಿಬಿಡುತ್ತದೆ ಅನ್ನುವ ಹೊತ್ತಿಗೆ ಹುಡುಗ ಬಾಗಿಲಿನತ್ತ ಓಡುತ್ತಾನೆ. ಬಾಗಿಲಲ್ಲಿ ಸೈನಿಕರು. ಒಬ್ಬನ ಕೈಯಲ್ಲಿ ಕೈಕೋಳ. ಕಂತು ಅಲ್ಲಿಗೆ ಮುಗಿಯುತ್ತದೆ. ಅದು 1860ರ ಡಿಸೆಂಬರ್ 8ರ ಸಂಚಿಕೆ. ಮುಂದಿನ ವಾರ, 15ರ ಸಂಚಿಕೆಯಲ್ಲಿ ಗೊತ್ತಾಗುವುದು ಬೇರೆಯೇ. ಸೈನಿಕರು ಪಿಪ್‌ನನ್ನು ಹಿಡಿಯಲು ಬಂದಿಲ್ಲ. ಕೈಕೋಳದ ಬೀಗ ಕೆಟ್ಟಿದೆ, ಪಿಪ್‌ನ ಭಾವ ಜೋ ಕಮ್ಮಾರ, ಅವನಿಂದ ರಿಪೇರಿ ಮಾಡಿಸಿಕೊಳ್ಳಲು ಬಂದಿದ್ದಾರೆ. ಪುಸ್ತಕದಲ್ಲಿ ಓದುವವರಿಗೆ ಈ ಎರಡರ ನಡುವೆ ಇರುವುದು ಪುಟ ತಿರುಗಿಸುವಷ್ಟು ಹೊತ್ತು. ಅಂದಿನ ಓದುಗರಿಗೆ ಒಂದು ಇಡೀ ವಾರ.

ನನ್ನ ಮೊದಲ ಕರಡಿನಲ್ಲಿ ಇದನ್ನೆಲ್ಲ ವಿವರವಾಗಿ ಬರೆದು, ಕುತೂಹಲ ಕೆರಳಿಸಿ ಓದುಗರನ್ನು ಹಿಡಿದಿಡುವ ಕಲೆ ಇದು ಅಂತ ಮುಗಿಸಿದ್ದೆ. ಮೇಡಂ ಓದಿ ಪೆನ್ನು ಕೆಳಗಿಟ್ಟರು.

"ಧಾರಾವಾಹಿ ಅಂದ ಮೇಲೆ ಕುತೂಹಲದಲ್ಲಿ ನಿಲ್ಲಿಸೋದು ಎಲ್ಲರಿಗೂ ಗೊತ್ತು. ಇದರಲ್ಲಿ ನಿನ್ನ ಮಾತು ಎಲ್ಲಿದೆ?"

"ಉದಾಹರಣೆ ಹೊಸದು ಮೇಡಂ."

"ಉದಾಹರಣೆ ಹೊಸದಾದ್ರೆ ಸಾಲದು. ಆ ಒಂದು ವಾರ ಓದುಗರ ತಲೆಯಲ್ಲಿ ಏನಾಗ್ತಿತ್ತು? ಅದನ್ನು ಹೇಳು."

ಈ ಪ್ರಶ್ನೆ ಇಟ್ಟುಕೊಂಡು ಮತ್ತೆ ಮತ್ತೆ ಬರೆದೆ. ನಿಧಾನವಾಗಿ ಒಂದು ವಾದ ರೂಪ ತಾಳಿತು. ಆ ಕೈಕೋಳ ಪಿಪ್‌ಗೇ ಅಂತ ಓದುಗರು ಒಂದು ವಾರ ನಂಬಿರುತ್ತಾರೆ. ಅಂದರೆ ಆ ವಾರವಿಡೀ ಅವರೇ ಹುಡುಗನನ್ನು ಅಪರಾಧಿ ಮಾಡಿರುತ್ತಾರೆ. ಮುಂದಿನ ವಾರ ಅಪಾಯ ತಪ್ಪುತ್ತದೆ, ಆದರೆ ಅಪರಾಧದ ಭಾವನೆ ಉಳಿದೇ ಉಳಿಯುತ್ತದೆ. ಕಣ್ಣಿಗೆ ಕಂಡ ಗುರುತನ್ನು ತಪ್ಪಾಗಿ ಓದುವುದೇ ಈ ಕಾದಂಬರಿಯ ದೊಡ್ಡ ವಿಷಯ ಅಲ್ವಾ? ಮುಂದೆ ಪಿಪ್‌ಗೆ ಗುಟ್ಟಾಗಿ ಹಣ ಕೊಡುತ್ತಿರುವವರು ಯಾರು ಅನ್ನುವುದನ್ನು ಅವನು ವರ್ಷಗಟ್ಟಲೆ ತಪ್ಪಾಗಿ ಊಹಿಸುತ್ತಾನೆ. ವಾರದ ಬಿಡುವುಗಳು ಓದುಗರಿಗೂ ಅದೇ ಅಭ್ಯಾಸ ಮಾಡಿಸುತ್ತವೆ, ತಪ್ಪು ಊಹೆಯೊಳಗೆ ಬದುಕುವ ಅಭ್ಯಾಸ. ಇದು ನನ್ನ ವಾದ.

ವಾದ ಸಿಕ್ಕ ಮೇಲೆ ಇನ್ನೊಂದು ಕೆಲಸ. ಬೇರೆ ವಿಮರ್ಶಕರು ಏನು ಹೇಳಿದ್ದಾರೆ, ನಾನು ಎಲ್ಲಿ ಅವರಿಂದ ಬೇರೆಯಾಗುತ್ತೇನೆ ಅಂತ ತೋರಿಸಬೇಕು. ಲಿಂಡಾ ಹ್ಯೂಸ್ ಮತ್ತು ಮೈಕಲ್ ಲಂಡ್ 1991ರಲ್ಲಿ ವಿಕ್ಟೋರಿಯನ್, ಅಂದರೆ ವಿಕ್ಟೋರಿಯಾ ರಾಣಿಯ ಕಾಲದ ಧಾರಾವಾಹಿಗಳ ಬಗ್ಗೆ ಒಂದು ಮುಖ್ಯ ಪುಸ್ತಕ ಬರೆದರು. ಕಂತುಗಳಲ್ಲಿ ಓದುವುದು ಓದುಗರ ದಿನನಿತ್ಯದ ಬದುಕಿನ ಜೊತೆ ಹೇಗೆ ಬೆರೆತು ಸಾಗುತ್ತಿತ್ತು ಅನ್ನುವುದು ಅವರ ಆಸಕ್ತಿ. ನನಗೆ ಆ ದೊಡ್ಡ ಹರಿವಿಗಿಂತ ಒಂದು ಕಂತು ನಿಂತ ಜಾಗ, ಅಲ್ಲಿ ಆಗುವ ತಪ್ಪು ಓದು ಮುಖ್ಯ. ಇದನ್ನು ಎರಡು ಪ್ಯಾರಾದಲ್ಲಿ ಹೇಳಿದೆ. ಹತ್ತು ವಿಮರ್ಶಕರ ಹೆಸರು ಪೇರಿಸಿದರೆ ಲೇಖನಕ್ಕೆ ತೂಕ ಬರುತ್ತದೆ ಅಂತ ನಂಬುವವರಿದ್ದಾರೆ. ನಾನು ನಂಬುವುದಿಲ್ಲ. ಇಬ್ಬರು ಮೂವರ ಜೊತೆ ನಿಜವಾಗಿ ಮಾತಿಗಿಳಿದರೆ ಸಾಕು.

ಲೇಖನ ಒಂದು ಹದಕ್ಕೆ ಬಂದ ಮೇಲೆ ವಿಶ್ವವಿದ್ಯಾಲಯಗಳ ಪಟ್ಟಿ ತಯಾರಿಸುವುದು ಸುಲಭವಾಯಿತು. ಏನು ಹುಡುಕಬೇಕು ಅಂತ ಗೊತ್ತಿತ್ತು. 19ನೇ ಶತಮಾನದ ಕಾದಂಬರಿ ಮತ್ತು ಪತ್ರಿಕೆಗಳ ಮೇಲೆ ಕೆಲಸ ಮಾಡುವವರು ಕನಿಷ್ಠ ಇಬ್ಬರಾದರೂ ಇರಬೇಕು. ಒಬ್ಬರೇ ಆದರೆ ಅವರು ನಿವೃತ್ತರಾಗಬಹುದು, ಬೇರೆ ಕಡೆ ಹೋಗಬಹುದು. ವೆಬ್‌ಸೈಟಿನಲ್ಲಿ ಹೆಸರಿನ ಪಕ್ಕ ಎಮೆರಿಟಸ್ ಅಂತ ಇದ್ದರೆ ಅವರು ಆಗಲೇ ನಿವೃತ್ತರು, ಅವರನ್ನು ನೆಚ್ಚಿಕೊಂಡು ಅರ್ಜಿ ಹಾಕುವ ಹಾಗಿಲ್ಲ. ಪ್ರತಿಯೊಬ್ಬರದೂ ಇತ್ತೀಚಿನ ಒಂದು ಲೇಖನವನ್ನಾದರೂ ಓದಿದೆ. ವಿಭಾಗದ ಸುತ್ತ ಏನು ಚಟುವಟಿಕೆ ಇದೆ ಅಂತಲೂ ನೋಡಿದೆ. ಇಂಡಿಯಾನಾ ವಿಶ್ವವಿದ್ಯಾಲಯದಿಂದ 1957ರಲ್ಲಿ ಶುರುವಾದ 'ವಿಕ್ಟೋರಿಯನ್ ಸ್ಟಡೀಸ್' ಪತ್ರಿಕೆ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನಲ್ಲಿ 1981ರಿಂದ ಡಿಕನ್ಸ್ ಅಧ್ಯಯನದ ಡಿಕನ್ಸ್ ಪ್ರಾಜೆಕ್ಟ್ ನಡೆಯುತ್ತಿದೆ. ಇಂಥ ಜಾಗಗಳು ಎಲ್ಲರಿಗೂ ಗೊತ್ತಿರುವ ನಾಲ್ಕೈದು ದೊಡ್ಡ ಹೆಸರುಗಳ ಪಟ್ಟಿಯಲ್ಲಿ ಇರುವುದಿಲ್ಲ. ರ್‍ಯಾಂಕಿಂಗ್ ನೋಡಿ ಪಟ್ಟಿ ಮಾಡುವವರು ಇಂಥವನ್ನು ಕಳೆದುಕೊಳ್ಳುತ್ತಾರೆ.

ಪ್ರೊಫೆಸರುಗಳಿಗೆ ಮೊದಲೇ ಇಮೇಲ್ ಬರೆಯಬೇಕಾ ಅಂತ ಬಹಳ ಜನ ಕೇಳುತ್ತಾರೆ. ಇಂಗ್ಲಿಷ್ ವಿಭಾಗಗಳಲ್ಲಿ ಅದು ಕಡ್ಡಾಯ ಅಲ್ಲ. ತೀರ್ಮಾನ ಕಮಿಟಿಯದ್ದು. ನನಗೆ ನಿಜವಾಗಿ ಕೇಳುವ ವಿಷಯ ಇದ್ದ ಕಡೆ ಮಾತ್ರ ಬರೆದೆ.

ಈಗ ದುಡ್ಡಿನ ವಿಷಯ. ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಅಮೆರಿಕದ ಒಳ್ಳೆಯ ಪಿಎಚ್‌ಡಿ ಕಾರ್ಯಕ್ರಮಗಳು ಸೇರಿಸಿಕೊಂಡ ವಿದ್ಯಾರ್ಥಿಗಳಿಗೆ ಟ್ಯೂಷನ್ ಫೀಸು ಮನ್ನಾ ಮಾಡುತ್ತವೆ, ಆರೋಗ್ಯ ವಿಮೆ ಕೊಡುತ್ತವೆ, ಬದುಕಲು ಸ್ಟೈಪೆಂಡ್ ಕೊಡುತ್ತವೆ. ಸಾಮಾನ್ಯವಾಗಿ ಐದು ವರ್ಷಕ್ಕೆ. ಅದಕ್ಕೆ ಪ್ರತಿಯಾಗಿ ಕೆಲವು ವರ್ಷ ನಾವು ಪಾಠ ಮಾಡಬೇಕು, ಹೆಚ್ಚಾಗಿ ಮೊದಲ ವರ್ಷದ ಹುಡುಗರಿಗೆ ಬರವಣಿಗೆಯ ಕ್ಲಾಸು. ಎಂಎ ಕಾರ್ಯಕ್ರಮಗಳಲ್ಲಿ ಇಂಥ ನೆರವು ಕಡಿಮೆ. ಎಷ್ಟೋ ಕಡೆ ಪೂರ್ತಿ ಫೀಸು ನಾವೇ ಕಟ್ಟಬೇಕು. ಸಾಲ ಮಾಡಿ ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ಮುಂದಿನ ಕೆಲಸದ ಸ್ಥಿತಿ. ಇಂಗ್ಲಿಷ್ ಅಧ್ಯಾಪಕರ ಹುದ್ದೆಗಳ ಜಾಹೀರಾತುಗಳನ್ನು ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಪ್ರಕಟಿಸುತ್ತದೆ. 2008ರ ಆರ್ಥಿಕ ಕುಸಿತದ ನಂತರದ ಹತ್ತು ವರ್ಷಗಳಲ್ಲಿ ಆ ಪಟ್ಟಿಯ ಇಂಗ್ಲಿಷ್ ಹುದ್ದೆಗಳು ಸುಮಾರು ಅರ್ಧಕ್ಕೆ ಇಳಿದವು. ಇದು ಗೊತ್ತಿದ್ದೂ ಅರ್ಜಿ ಹಾಕಿದೆ. ಐದಾರು ವರ್ಷ ಸಂಬಳ ಪಡೆದು ಓದುವ, ಬರೆಯುವ, ಪಾಠ ಮಾಡುವ ಅವಕಾಶ ನನಗೆ ಅದರಷ್ಟಕ್ಕೇ ಬೇಕಿತ್ತು. ಆಮೇಲೆ ಪ್ರೊಫೆಸರ್ ಕೆಲಸ ಸಿಗದಿದ್ದರೂ ಆ ವರ್ಷಗಳು ಬೇಕಾ ಅಂತ ಕೇಳಿಕೊಂಡೆ. ಹೌದು ಅನ್ನಿಸಿತು. ಸಾಲ ಇದ್ದಿದ್ದರೆ ಹೌದು ಅನ್ನುತ್ತಿರಲಿಲ್ಲ.

ಸೀಟುಗಳೂ ಕಡಿಮೆ. ಎಷ್ಟೋ ವಿಭಾಗಗಳು ವರ್ಷಕ್ಕೆ ಹತ್ತರ ಆಸುಪಾಸು, ಕೆಲವು ಅದಕ್ಕೂ ಕಡಿಮೆ ಜನರನ್ನು ತಗೊಳ್ಳುತ್ತವೆ. ಒಮ್ಮೊಮ್ಮೆ ವಿಭಾಗವೇ ಬಾಗಿಲು ಹಾಕುತ್ತದೆ. ಕೋವಿಡ್ ಶುರುವಾದ 2020ರಲ್ಲಿ ಹಲವು ಕಡೆ ಮುಂದಿನ ವರ್ಷದ ಪ್ರವೇಶ ನಿಲ್ಲಿಸಿದ್ದರು. ಷಿಕಾಗೋ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ಆ ವರ್ಷ ಬ್ಲ್ಯಾಕ್ ಸ್ಟಡೀಸ್‌ನಲ್ಲಿ, ಅಂದರೆ ಕಪ್ಪು ಜನರ ಸಾಹಿತ್ಯ, ಇತಿಹಾಸ, ಸಂಸ್ಕೃತಿಯ ಅಧ್ಯಯನದಲ್ಲಿ ಕೆಲಸ ಮಾಡಬಯಸುವವರನ್ನು ಮಾತ್ರ ಕರೆಯಿತು. ಬಾಸ್ಟನ್ ವಿಶ್ವವಿದ್ಯಾಲಯ 2025-26ಕ್ಕೆ ಇಂಗ್ಲಿಷ್ ಸೇರಿದಂತೆ ಹನ್ನೆರಡರಷ್ಟು ಪಿಎಚ್‌ಡಿ ವಿಷಯಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. ಹಾಗಾಗಿ ಹಿಂದಿನ ವರ್ಷದ ಮಾಹಿತಿ ನಂಬಿಕೊಂಡು ಕೂರಬಾರದು. ಪ್ರತಿ ಸೆಪ್ಟೆಂಬರಿನಲ್ಲಿ ವಿಭಾಗದ ಪುಟವನ್ನೇ ತೆರೆದು ನೋಡಬೇಕು.

ಎಸ್‌ಒಪಿಗೆ ಬಂದೆ. ಚಿಕ್ಕಂದಿನಿಂದ ಪುಸ್ತಕ ಅಂದರೆ ನನಗೆ ಪ್ರಾಣ ಅಂತ ಶುರು ಮಾಡುವ ಆಸೆ ಯಾರಿಗಾದರೂ ಆಗುತ್ತದೆ. ಕಮಿಟಿಯ ಮುಂದಿರುವ ಪ್ರತಿಯೊಬ್ಬರಿಗೂ ಪುಸ್ತಕ ಅಂದರೆ ಪ್ರಾಣವೇ. ಅದರಿಂದ ನಮ್ಮ ಬಗ್ಗೆ ಅವರಿಗೆ ಏನೂ ತಿಳಿಯುವುದಿಲ್ಲ. ನಾನು ಮೊದಲ ವಾಕ್ಯದಲ್ಲೇ ಪ್ರಶ್ನೆ ಇಟ್ಟೆ. ಕಥೆಯನ್ನು ನಿಲ್ಲಿಸಿ ನಿಲ್ಲಿಸಿ ಓದಿದಾಗ ಓದುಗರು ಪಾತ್ರಗಳ ಬಗ್ಗೆ ತೀರ್ಪು ಕೊಡುವ ರೀತಿ ಹೇಗೆ ಬದಲಾಗುತ್ತದೆ? ಆಮೇಲೆ ಡಿಕನ್ಸ್ ಲೇಖನದಲ್ಲಿ ಕಂಡುಕೊಂಡಿದ್ದು ಒಂದು ಪ್ಯಾರಾ. ಅಲ್ಲಿಂದ ಮುಂದಕ್ಕೆ ಎಲ್ಲಿಗೆ ಹೋಗಬಹುದು ಅನ್ನುವುದು ಇನ್ನೊಂದು ಪ್ಯಾರಾ. ಜಾರ್ಜ್ ಎಲಿಯಟ್‌ಳ 'ಮಿಡಲ್‌ಮಾರ್ಚ್' 1871-72ರಲ್ಲಿ ಎಂಟು ಭಾಗಗಳಲ್ಲಿ, ಮೊದಮೊದಲು ಎರಡು ತಿಂಗಳಿಗೊಂದರಂತೆ ಬಂತು. ವಾರದ ಬಿಡುವಿಗೂ ಎರಡು ತಿಂಗಳ ಬಿಡುವಿಗೂ ಓದಿನಲ್ಲಿ ಏನು ವ್ಯತ್ಯಾಸ ಅಂತ ಕೇಳಿದೆ. ಉತ್ತರ ನನ್ನ ಹತ್ತಿರ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಸೇರಿದ ಮೇಲೆ ಎರಡು ವರ್ಷ ಕ್ಲಾಸುಗಳೇ ಇರುವುದರಿಂದ ಪ್ರಬಂಧದ ವಿಷಯ ಬದಲಾಗುತ್ತದೆ ಅಂತ ಕಮಿಟಿಗೂ ಗೊತ್ತು. ಅವರು ನೋಡುವುದು ಪ್ರಶ್ನೆಗೆ ಜೀವ ಇದೆಯಾ ಅಂತ. ಕೊನೆಯ ಪ್ಯಾರಾ ಮಾತ್ರ ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ. ಅಲ್ಲಿ ಯಾರ ಕೆಲಸ ನನ್ನ ಪ್ರಶ್ನೆಗೆ ಹೇಗೆ ತಾಗುತ್ತದೆ ಅಂತ ಬರೆದೆ. ಸುಮ್ನೆ ಮೂರು ಹೆಸರು ಜೋಡಿಸಿ, ಇವರ ಜೊತೆ ಕೆಲಸ ಮಾಡಲು ಕಾತರಳಾಗಿದ್ದೇನೆ ಅಂತ ಬರೆಯುವುದರಲ್ಲಿ ಅರ್ಥವಿಲ್ಲ.

ಬರ್ಕ್ಲಿಯಂಥ ಕೆಲವು ಕಡೆ ಇದರ ಜೊತೆಗೆ ವೈಯಕ್ತಿಕ ಹಿನ್ನೆಲೆಯ ಬರಹವೊಂದನ್ನು ಬೇರೆಯಾಗಿ ಕೇಳುತ್ತಾರೆ. ಎಸ್‌ಒಪಿಯಲ್ಲಿ ಜಾಗ ಸಿಗದ ಬದುಕಿನ ವಿಷಯಗಳಿಗೆ ಅದು ಸರಿಯಾದ ಜಾಗ. ಎರಡರಲ್ಲೂ ಒಂದೇ ವಿಷಯ ಬರೆದರೆ ಒಂದು ಪುಟ ವ್ಯರ್ಥ.

ಶಿಫಾರಸು ಪತ್ರಗಳು ಮೂರು ಬೇಕು. ಎಷ್ಟು ದೊಡ್ಡವರು ಬರೆದರು ಅನ್ನುವುದಕ್ಕಿಂತ ನಮ್ಮ ಬರವಣಿಗೆಯನ್ನು ಎಷ್ಟು ಹತ್ತಿರದಿಂದ ನೋಡಿದವರು ಬರೆದರು ಅನ್ನುವುದು ಮುಖ್ಯ. ಗೈಡ್ ಮೇಡಂ ಒಬ್ಬರು. ಬಿಎಯಲ್ಲಿ ಕಾದಂಬರಿ ಪಾಠ ಮಾಡಿದ್ದ ಸರ್ ಇನ್ನೊಬ್ಬರು. ಮೂರನೆಯವರು ಎಂಎಯಲ್ಲಿ ವಿಮರ್ಶಾ ಸಿದ್ಧಾಂತ ಹೇಳಿಕೊಟ್ಟವರು. ಮೂವರಿಗೂ ಲೇಖನ, ಎಸ್‌ಒಪಿಯ ಕರಡು, ಡೆಡ್‌ಲೈನುಗಳ ಪಟ್ಟಿ ಎಲ್ಲವನ್ನೂ ಒಟ್ಟಿಗೆ ಬೇಗನೇ ಕಳಿಸಿದೆ. ಸರ್ ಫೋನ್ ಮಾಡಿ, "ನಿಮ್ಮ ಬಗ್ಗೆ ಏನು ಬರೀಬೇಕು ಅಂತ ನೀವೇ ಒಂದು ಕರಡು ಕಳಿಸಿಬಿಡಿ, ನಾನು ಸಹಿ ಮಾಡ್ತೀನಿ" ಅಂದರು. ನಮ್ಮಲ್ಲಿ ಇದು ರೂಢಿಯೇ. ಆದರೆ ನಾನೇ ಬರೆದರೆ ಆ ಪತ್ರದಲ್ಲೂ ನನ್ನ ದನಿಯೇ ಕೇಳುತ್ತದೆ. ಹಾಗಂತ ಮೇಷ್ಟ್ರಿಗೆ ಆಗಲ್ಲ ಅನ್ನುವುದೂ ಕಷ್ಟ. ಅವರ ಕ್ಲಾಸಿನಲ್ಲಿ ನಾನು ಬರೆದಿದ್ದ ಹಳೆಯ ಪ್ರಬಂಧ, ಅದರ ಮೇಲೆ ಅವರೇ ಹಾಕಿದ್ದ ಟಿಪ್ಪಣಿಗಳು, ಜೊತೆಗೆ ನೆನಪಿಸಬೇಕಾದ ಕೆಲವು ವಿಷಯಗಳನ್ನು ಸೇರಿಸಿ ಕಳಿಸಿದೆ. "ಸರ್, ಇದನ್ನು ನೋಡಿದರೆ ನಿಮಗೇ ನೆನಪಾಗುತ್ತೆ. ನಿಮ್ಮ ಮಾತಿನಲ್ಲೇ ಬಂದರೆ ನನಗೆ ತುಂಬಾ ಸಹಾಯ" ಅಂತ ಕೇಳಿಕೊಂಡೆ. ಅವರು ಕೂತು ತಾವೇ ಬರೆದರು. ನನಗೆ ಆ ಋಣ ಇದೆ.

ಪೋರ್ಟಲ್‌ನಲ್ಲಿ ಒಂದು ಪ್ರಶ್ನೆ ಬರುತ್ತದೆ. ಈ ಪತ್ರಗಳನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಅಂತ. ಅಮೆರಿಕದ 1974ರ ಫೆರ್ಪಾ ಕಾನೂನಿನ ಪ್ರಕಾರ ಸೇರಿದ ಮೇಲೆ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕಿದೆ. ಬಿಟ್ಟುಕೊಡುತ್ತೇನೆ ಅಂತಲೇ ಗುರುತು ಹಾಕಿ. ಬರೆಯುವವರು ಮನಸ್ಸು ಬಿಚ್ಚಿ ಬರೆದಿದ್ದಾರೆ ಅಂತ ಕಮಿಟಿ ನಂಬುವುದು ಆಗ.

ಉಳಿದ ಕಾಗದಪತ್ರಗಳ ವಿಷಯ ಬೇಗ ಮುಗಿಸುತ್ತೇನೆ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಗಳಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಅಂತ ಇದ್ದ ವಿಷಯ ಪರೀಕ್ಷೆ 2021ರ ಏಪ್ರಿಲ್ ನಂತರ ನಿಂತೇಹೋಗಿದೆ. ಸಾಮಾನ್ಯ ಜಿಆರ್‌ಇಯನ್ನೂ ಹೆಚ್ಚಿನ ಇಂಗ್ಲಿಷ್ ವಿಭಾಗಗಳು ಈಗ ಕೇಳುವುದಿಲ್ಲ. ಇಂಗ್ಲಿಷ್ ಭಾಷೆಯ ಪರೀಕ್ಷೆ ಟೋಫೆಲ್ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಕೆಲವು ಕಡೆ ವಿನಾಯಿತಿ ಇದೆ, ಕೆಲವು ಕಡೆ ಇಲ್ಲ. ಇಂಗ್ಲಿಷ್ ಎಂಎ ಮಾಡಿದ್ದರೂ ಪರೀಕ್ಷೆ ಬರಿ ಅನ್ನುವವರೂ ಇದ್ದಾರೆ. ಅಂಕ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ ಸ್ಕ್ಯಾನ್ ಮಾಡಿ ಹಾಕಿದರೆ ಅರ್ಜಿಗೆ ಸಾಮಾನ್ಯವಾಗಿ ಸಾಕು. ಸೀಟು ಸಿಕ್ಕ ಮೇಲೆ ಮೂಲ ಪ್ರತಿ ಕಳಿಸಬೇಕು. ಶೇಕಡಾ ಅಂಕವನ್ನು ನಾವೇ ಅಲ್ಲಿನ ಜಿಪಿಎ ಅಂಕಪದ್ಧತಿಗೆ ಬದಲಾಯಿಸುವುದು ಬೇಡ, ಇದ್ದ ಹಾಗೇ ತುಂಬಬೇಕು. ಬೇರೆ ಯಾವ ಭಾಷೆ ಓದಲು ಬರುತ್ತದೆ ಅಂತಲೂ ಕೇಳುತ್ತಾರೆ. ಇಂಗ್ಲಿಷ್ ಪಿಎಚ್‌ಡಿಗೆ ಇಂಗ್ಲಿಷ್ ಅಲ್ಲದ ಒಂದೆರಡು ಭಾಷೆ ಓದಲು ಬರಬೇಕು ಅನ್ನುವ ನಿಯಮ ಹಲವು ಕಡೆ ಇದೆ. ನಾನು ಹೆಮ್ಮೆಯಿಂದ ಕನ್ನಡ ಅಂತ ಬರೆದೆ.

ಅರ್ಜಿಯ ಫೀಸು ಒಂದೊಂದಕ್ಕೆ ನೂರು ಡಾಲರಿನ ಹತ್ತಿರ. ಪಟ್ಟಿ ಉದ್ದವಾದಷ್ಟೂ ಇದು ಭಾರ. ಫೀಸು ಮನ್ನಾ ಕೇಳಲು ಅವಕಾಶ ಇರುತ್ತದೆ. ವಿದೇಶಿ ಅರ್ಜಿದಾರರಿಗೆ ಎಲ್ಲ ಕಡೆ ಸಿಗುವುದಿಲ್ಲ, ಆದರೂ ಕೇಳಿ. ಗ್ರ್ಯಾಜುಯೇಟ್ ಸ್ಕೂಲಿನ ಕಚೇರಿಗೆ ಎರಡು ಸಾಲಿನ ಇಮೇಲ್ ಬರೆದರೆ ಸಾಕು. ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಅದರಿಂದ ಅರ್ಜಿಗೆ ತೊಂದರೆಯೂ ಆಗುವುದಿಲ್ಲ.

ಡೆಡ್‌ಲೈನುಗಳು ಡಿಸೆಂಬರ್ ಮೊದಲ ವಾರದಿಂದ ಜನವರಿ ಮಧ್ಯದವರೆಗೆ ಹರಡಿರುತ್ತವೆ. ಕಳಿಸಿದ ಮೇಲೆ ಕಾಯುವುದೇ. ಜನವರಿ ಕೊನೆಯಿಂದ ಸುದ್ದಿ ಬರಲು ಶುರು. ಇಲ್ಲ ಅನ್ನುವ ಪತ್ರಗಳು ಮೊದಲು ಬಂದವು. ಎಲ್ಲದರಲ್ಲೂ ಒಂದೇ ಥರದ ವಾಕ್ಯಗಳು, ಈ ವರ್ಷ ಅರ್ಹರ ಸಂಖ್ಯೆ ಜಾಸ್ತಿ ಇತ್ತು ಅಂತ. ನೋವಾಯಿತು. ಕಾರಣ ಯಾರೂ ಹೇಳುವುದಿಲ್ಲ. ಆ ವರ್ಷ ವಿಕ್ಟೋರಿಯನ್ ಕಾಲಕ್ಕೆ ಅವರಿಗೆ ಯಾರೂ ಬೇಡವಾಗಿರಬಹುದು. ಇರುವ ಪ್ರೊಫೆಸರ್ ರಜೆಯಲ್ಲಿರಬಹುದು. ಹೊರಗೆ ಕೂತವರಿಗೆ ಅದು ಕಾಣುವುದಿಲ್ಲ. ಒಂದು ದೊಡ್ಡ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಇಲ್ಲ, ಬದಲಿಗೆ ಒಂದು ವರ್ಷದ ಎಂಎಗೆ ಬನ್ನಿ ಅಂತ ಪತ್ರ ಬಂತು. ಮೊದಲ ಸಾಲಿನಲ್ಲಿ ಅಭಿನಂದನೆ, ಕೊನೆಯಲ್ಲಿ ಫೀಸಿನ ವಿವರ. ಹೆಸರಿನ ಆಕರ್ಷಣೆ ಎಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು. ಮನೆಯಲ್ಲೂ ಹೋಗು ಅಂದರು, ಹೇಗಾದರೂ ಮಾಡೋಣ ಅಂದರು. ಸಾಲ ಬೇಡ ಅಂತ ಮೊದಲೇ ತೀರ್ಮಾನಿಸಿದ್ದರಿಂದ ಬೇಡ ಅಂತ ಬರೆಯಲು ಆಯಿತು.

ಫೆಬ್ರವರಿಯಲ್ಲಿ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ಜೂಮ್‌ನಲ್ಲಿ ಮಾತಾಡಲು ಕರೆಯಿತು. ಎಲ್ಲ ವಿಭಾಗಗಳೂ ಸಂದರ್ಶನ ಮಾಡುವುದಿಲ್ಲ, ಕೆಲವು ಮಾತ್ರ. ಮೂವರು ಪ್ರೊಫೆಸರುಗಳಿದ್ದರು. ಮೂವರೂ ನನ್ನ ಲೇಖನ ಓದಿಕೊಂಡು ಬಂದಿದ್ದರು. ಮೊದಲ ಎರಡು ಪ್ರಶ್ನೆ ನಿರೀಕ್ಷಿಸಿದ್ದವೇ. ಮೂರನೆಯವರು ಬೇರೆಯೇ ದಿಕ್ಕಿನಿಂದ ಪ್ರಶ್ನೆ ಹಾಕಿದರು. ಅಮೆರಿಕದಲ್ಲಿ ಇದೇ ಕಾದಂಬರಿ 'ಹಾರ್ಪರ್ಸ್ ವೀಕ್ಲಿ'ಯಲ್ಲಿ 1860ರ ನವೆಂಬರ್ 24ರಿಂದಲೇ ಬಂತು, ಅಲ್ಲಿ ಜಾನ್ ಮೆಕ್ಲೆನನ್ ಎಂಬ ಕಲಾವಿದನ ಚಿತ್ರಗಳಿದ್ದವು. ಲಂಡನ್ನಿನ ಓದುಗರಿಗೆ ಚಿತ್ರ ಇರಲಿಲ್ಲ. ಚಿತ್ರ ನೋಡಿಕೊಂಡು ಓದುವವರ ತಪ್ಪು ಊಹೆಗೆ ಏನಾಗುತ್ತದೆ? ನಿಮ್ಮ ವಾದ ಅಲ್ಲೂ ನಿಲ್ಲುತ್ತದಾ ಅಂತ ಕೇಳಿದರು.

ಚಿತ್ರಗಳು ಇದ್ದವು ಅಂತ ನನಗೆ ಗೊತ್ತಿತ್ತು. ನನ್ನ ವಾದಕ್ಕೆ ಅವು ಸವಾಲು ಅಂತ ಯಾರೂ ಕೇಳಿರಲಿಲ್ಲ. ಗಟ್ಟಿಯಾಗಿಯೇ ಯೋಚಿಸುತ್ತಾ ಉತ್ತರ ಕೊಟ್ಟೆ. ಚಿತ್ರ ಒಂದು ಊಹೆಯನ್ನು ಮುಚ್ಚಬಹುದು, ಇನ್ನೊಂದನ್ನು ತೆರೆಯಬಹುದು. ಪಿಪ್‌ನ ಮುಖವನ್ನು ಕಲಾವಿದ ಹೇಗೆ ಬರೆದಿದ್ದಾನೆ ಅನ್ನುವುದರ ಮೇಲೆ ಓದುಗರ ತೀರ್ಪು ವಾಲಬಹುದು. ಅದನ್ನು ಕಂತಿನಿಂದ ಕಂತಿಗೆ ನೋಡದೆ ಹೇಳಲಾಗುವುದಿಲ್ಲ ಅಂದೆ. ಅವರು ಅಲ್ಲಿಗೆ ಬಿಡಲಿಲ್ಲ. ಇನ್ನೂ ಎರಡು ಪ್ರಶ್ನೆ ಕೇಳಿದರು, ತಮ್ಮ ಅಭಿಪ್ರಾಯವನ್ನೂ ಹೇಳಿದರು. ನಿಗದಿಯಾದ ಹೊತ್ತು ಮೀರಿತು. ಪರೀಕ್ಷೆ ಅನ್ನುವುದು ಮರೆತೇಹೋಗಿತ್ತು. ಇಡೀ ವರ್ಷದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಮಾತುಕತೆ ಅದು. ಇಂಥವರ ನಡುವೆ ಐದು ವರ್ಷ ಕಳೆಯಬೇಕು ಅಂತ ಆಗಲೇ ಅನ್ನಿಸಿತು.

ಆ ವಿಭಾಗ ನನ್ನನ್ನು ವೇಟ್‌ಲಿಸ್ಟಿನಲ್ಲಿಟ್ಟಿತು. ಇನ್ನೊಂದು ಕಡೆಯಿಂದ ಪೂರ್ತಿ ಫಂಡಿಂಗ್ ಜೊತೆ ಆಫರ್ ಬಂತು. ಇಲ್ಲಿ ಏಪ್ರಿಲ್ 15ರ ವಿಷಯ ಬರುತ್ತದೆ. ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್ ಎಂಬ ಒಕ್ಕೂಟದ ಒಂದು ನಿರ್ಣಯ ಇದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ಹಣದ ನೆರವಿನ ಆಫರ್ ಕೊಟ್ಟಾಗ ಏಪ್ರಿಲ್ 15ಕ್ಕಿಂತ ಮೊದಲೇ ಉತ್ತರ ಕೊಡಿ ಅಂತ ವಿದ್ಯಾರ್ಥಿಯನ್ನು ಒತ್ತಾಯಿಸುವ ಹಾಗಿಲ್ಲ. ಹಾಗಾಗಿ ಅಲ್ಲಿಯವರೆಗೆ ಕಾಯಬಹುದು. ಆದರೆ ಕಾಯುವುದಕ್ಕೂ ಒಂದು ಮರ್ಯಾದೆ ಇದೆ. ಯಾವ ಆಫರ್ ಬೇಡ ಅಂತ ಖಚಿತವಾಯಿತೋ ಅದನ್ನು ಅವತ್ತೇ ಬಿಟ್ಟುಬಿಡಬೇಕು. ಅಲ್ಲಿ ಯಾರೋ ವೇಟ್‌ಲಿಸ್ಟಿನಲ್ಲಿ ಕಾಯುತ್ತಿರುತ್ತಾರೆ.

ಆ ವಾರಗಳಲ್ಲಿ ಎರಡೂ ವಿಭಾಗಗಳ ಈಗಿನ ವಿದ್ಯಾರ್ಥಿಗಳ ಜೊತೆ ಮಾತಾಡಿದೆ. ವಿಭಾಗದವರು ಅಧಿಕೃತವಾಗಿ ಪರಿಚಯಿಸುವವರ ಜೊತೆಗೆ, ಪ್ರಬಂಧ ಬರೆಯುವ ಹಂತದಲ್ಲಿರುವ ಹಿರಿಯರ ಹತ್ತಿರವೂ ಮಾತಾಡಿ. ಸ್ಟೈಪೆಂಡ್ ಒಂಬತ್ತು ತಿಂಗಳಿಗಾ, ಹನ್ನೆರಡು ತಿಂಗಳಿಗಾ? ಬೇಸಿಗೆಯಲ್ಲಿ ಏನು ಮಾಡುತ್ತೀರಿ? ಒಂದು ಸೆಮಿಸ್ಟರಿಗೆ ಎಷ್ಟು ಕ್ಲಾಸು ಪಾಠ ಮಾಡಬೇಕು? ಆರನೇ ವರ್ಷ ಬಿದ್ದರೆ ದುಡ್ಡು ಎಲ್ಲಿಂದ? ವಿದೇಶಿ ವಿದ್ಯಾರ್ಥಿಗಳಿಗೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೊರಗೆ ಕೆಲಸ ಮಾಡಲು ಕಟ್ಟುಪಾಡು ಇರುವುದರಿಂದ ಬೇಸಿಗೆಯ ಪ್ರಶ್ನೆ ನಮಗೆ ತುಂಬಾ ಮುಖ್ಯ. ಮೊದಲು ಆಫರ್ ಕೊಟ್ಟಿದ್ದ ಕಡೆ ಬೇಸಿಗೆಗೆ ಏನೂ ಇರಲಿಲ್ಲ. ವೇಟ್‌ಲಿಸ್ಟಿನ ವಿಭಾಗದಲ್ಲಿ ಸ್ಟೈಪೆಂಡ್ ವರ್ಷಪೂರ್ತಿ ಹಂಚಿ ಬರುತ್ತಿತ್ತು. ವೇಟ್‌ಲಿಸ್ಟಿನಲ್ಲಿರುವವಳು ಈಗಲೂ ಆಸಕ್ತಿ ಇದೆ, ಕರೆದರೆ ಬರುತ್ತೇನೆ ಅಂತ ಸ್ಪಷ್ಟವಾಗಿ ಬರೆಯುವುದರಲ್ಲಿ ತಪ್ಪಿಲ್ಲ. ಹಾಗೆ ಬರೆದೆ, ಚುಟುಕಾಗಿ.

ಏಪ್ರಿಲ್ ಎರಡನೇ ವಾರದಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರು, ನನಗೆ ಕರೆ ಬಂತು. ಮೊದಲು ಲಿಖಿತ ಪತ್ರ ಕೇಳಿದೆ. ಸ್ಟೈಪೆಂಡ್, ವಿಮೆ, ಪಾಠದ ಹೊರೆ, ಎಷ್ಟು ವರ್ಷ, ಎಲ್ಲವೂ ಕಾಗದದಲ್ಲಿ ಬಂದ ಮೇಲೆ ಇನ್ನೊಂದು ಕಡೆಗೆ ಧನ್ಯವಾದ ಹೇಳಿ ಬಿಟ್ಟೆ, ಇಲ್ಲಿ ಸಹಿ ಹಾಕಿದೆ. ಅದೇ ಪತ್ರ ಮುಂದೆ ವೀಸಾಗೆ ಬೇಕಾದ ಐ-20 ಎಂಬ ದಾಖಲೆ ಪಡೆಯಲು, ವೀಸಾ ಸಂದರ್ಶನದಲ್ಲಿ ಹಣದ ಆಧಾರ ತೋರಿಸಲು ಕೆಲಸಕ್ಕೆ ಬಂತು. ಮೇಡಂಗೆ ಫೋನ್ ಮಾಡಿದಾಗ ಅವರು ಕೇಳಿದ್ದು, "ಮೆಕ್ಲೆನನ್ ಚಿತ್ರಗಳನ್ನು ನೋಡಿದೆಯಾ?"

ಈಗ ನೋಡುತ್ತಿದ್ದೇನೆ. ಮೊದಲ ವರ್ಷದ ಸೆಮಿನಾರಿಗೆ ಬರೆಯುತ್ತಿರುವುದು ಅದರ ಬಗ್ಗೆಯೇ. ಆ ಪ್ರಶ್ನೆ ಕೇಳಿದ ಪ್ರೊಫೆಸರೇ ಪಾಠ ಮಾಡುತ್ತಾರೆ, ಮತ್ತು ನನ್ನ ವಾದದ ಅರ್ಧ ಭಾಗ ಅಮೆರಿಕದ ಓದುಗರ ಮಟ್ಟಿಗೆ ನಿಲ್ಲುವುದಿಲ್ಲ ಅಂತ ಅವರ ಅಭಿಪ್ರಾಯ. ನಾನು ಇನ್ನೂ ಒಪ್ಪಿಲ್ಲ.